ಟಾಯರಿನಂಚಿನ ಖಡು

ಕುರ್ಲಾ ಸ್ಟೇಷನ್ನಿನ ಹತ್ತಿರ ಅಣವೀರಪ್ಪನ ರಿಸೋಲ್ ಅಂಗಡಿಗೆ ಬರುವವರೆಲ್ಲ ಬೋಳಾದ ಟಾಯರ್ ಹೊತ್ತುಕೊಂಡೇ ಬರುತ್ತಿದ್ದರು. ಟ್ಯಾಕ್ಸಿಯವರು, ಹಾಲಿನ ಟೆಂಪೋದವರು, ಸ್ಕೂಟರಿನ ಗುಮಾಸ್ತರು. ಸವೆದ ಟಾಯರಿನ ಮೇಲೆ ಹೊಸ ರಬ್ಬರ್ ಕೂರಿಸಿ ಬೇಯಿಸಿಕೊಡುವುದು ಅಲ್ಲಿಯ ಕೆಲಸ. ಅರವತ್ತೊಂಬತ್ತರ ಮಾರ್ಚ್ ತಿಂಗಳ ಒಂದು ಸಂಜೆ ಎತ್ತರದ ಹುಡುಗನೊಬ್ಬ ಹೊಚ್ಚಹೊಸ ಟಾಯರನ್ನು ಹೆಗಲಿಗೆ ನೇತುಹಾಕಿಕೊಂಡು ಬಂದು, ಇದರ ರಬ್ಬರನ್ನು ಅರ್ಧದಷ್ಟು ಕೆತ್ತಿ ತೆಗೆಯಬೇಕು ಎಂದು ಹಿಂದಿಯಲ್ಲಿ ಹೇಳಿದ. ಕೌಂಟರಿನಲ್ಲಿದ್ದ ಅಣವೀರಪ್ಪನ ಮಗಳು ಇಂದ್ರಾ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಆಮೇಲೆ ಒಳಗಿದ್ದ ಅಪ್ಪನಿಗೆ ಕೇಳುವಂತೆ ಕನ್ನಡದಲ್ಲಿ ಕೂಗಿದಳು.

“ಅಪ್ಪಾ, ಒಬ್ಬ ಹುಚ್ಚ ಬಂದಾನ. ಮಾರಿ ನೋಡಿದ್ರ ಹಂಗ ಅನಸೂದಿಲ್ಲ, ಚೆಂದನ ಅದಾನ.”

ಹುಡುಗ ಟಾಯರ್ ಕೆಳಗಿಳಿಸಿದ. “ಹುಚ್ಚ ಅಂದದ್ದು ಇರಲಿ ಬಿಡ್ರಿ,” ಎಂದ, ಅಪ್ಪಟ ವಿಜಾಪುರದ ಮಾತಿನಲ್ಲಿ. “ಎರಡನೇ ಮಾತು ಇನ್ನೊಮ್ಮೆ ಹೇಳ್ರಿ.”

ಬೇರೆ ಹುಡುಗಿಯಾಗಿದ್ದರೆ ನಾಚಿ ನೀರಾಗುತ್ತಿದ್ದಳು. ಇಂದ್ರಾಳ ಕಿವಿಯಷ್ಟೇ ಕೆಂಪಾಯಿತು. “ಟಾಯರ್ ಕೆತ್ತಿಸಿ ಆದ ಮ್ಯಾಲ ತಲೀನೂ ಕೊಡ್ರಿ. ಅದನ್ನೂ ಅರ್ಧ ಕೆತ್ತಿ ಕೊಡತೀವಿ,” ಎಂದಳು.

ಅವಳ ನಾಲಗೆಗೆ ಕುರ್ಲಾದಲ್ಲಿ ಹೆಸರಿತ್ತು. ಟ್ಯಾಕ್ಸಿಯವರು ಅವಳ ಮಾತು ಕೇಳುವುದಕ್ಕೇ ನಿಲ್ಲುತ್ತಿದ್ದರು, ಕೇಳಿ ಮುಖ ಸಣ್ಣ ಮಾಡಿಕೊಂಡು ಹೋಗುತ್ತಿದ್ದರು. ಹಾಗೆ ಹೋಗದೆ ನಗುತ್ತ ನಿಂತವನು ಇವನೊಬ್ಬನೇ.

ಅವನ ಹೆಸರು ನೀಲಕಂಠ. ಸಾಂತಾಕ್ರೂಜ್ ವಿಮಾನ ನಿಲ್ದಾಣದಲ್ಲಿ ಮೆಕ್ಯಾನಿಕ್. ಆಂಟಾಪ್ ಹಿಲ್‌ನಲ್ಲಿ ತಾಯಿಯ ಜೊತೆ ಇದ್ದ, ತಂದೆ ತೀರಿಹೋಗಿದ್ದ. ಅವನ ಹತ್ತಿರ ಒಂದು ಜಾವಾ ಮೋಟರ್‌ಸೈಕಲ್ ಇತ್ತು. ಕಲ್ಯಾಣದ ಆಚೆ ಯುದ್ಧದ ಕಾಲದಲ್ಲಿ ಕಟ್ಟಿ ಬಿಟ್ಟುಹೋದ ವಿಮಾನದ ಪಟ್ಟಿಯೊಂದಿದೆ. ಭಾನುವಾರ ಒಂದಷ್ಟು ಗಾಡಿಹುಚ್ಚಿನ ಜನ ಅಲ್ಲಿ ಸೇರಿ, ಡ್ರಮ್ಮು, ಹುಲ್ಲಿನ ಪೆಂಡಿ ಇಟ್ಟು ತಿರುವು ಮಾಡಿಕೊಂಡು ವೇಗವಾಗಿ ಓಡಿಸುತ್ತಿದ್ದರು. ಹೊಸ ಟಾಯರಿನ ದಪ್ಪ ರಬ್ಬರ್ ಉಬ್ಬುಗಳು ತಿರುವಿನಲ್ಲಿ ಬಾಗಿ ತೇಲಾಡುತ್ತವೆ, ಕೆತ್ತಿ ತೆಳ್ಳಗೆ ಮಾಡಿದರೆ ನೆಲವನ್ನು ಗಟ್ಟಿಯಾಗಿ ಹಿಡಿಯುತ್ತವೆ ಎಂದು ಅವನು ವಿವರಿಸಿದ. ಅಣವೀರಪ್ಪನಿಗೆ ಇದು ಮೋಜೆನಿಸಿ ಒಪ್ಪಿಕೊಂಡ. ಗಂಡುಮಕ್ಕಳಿಲ್ಲದ ಮನೆ. ಕೆತ್ತುವ ಕೆಲಸ ಇಂದ್ರಾಳಿಗೇ ಬಂತು.

ಆ ಬೇಸಿಗೆಯೆಲ್ಲ ಟಾಯರ್ ಆರಿಸುವುದರಲ್ಲೇ ಹೋಯಿತು. ಮೊದಲು ಕೆತ್ತಿದ್ದು ನಾಲ್ಕು ಸುತ್ತಿನಲ್ಲೇ ಕಾದು ಜಾರಿತು. ಚೋರ್ ಬಜಾರಿನಲ್ಲಿ ಸಿಕ್ಕ ವಿಲಾಯತಿ ರೇಸಿಂಗ್ ಟಾಯರ್ ನೋಡಲು ರಾಜಗಾಂಭೀರ್ಯದಿಂದಿತ್ತು, ಆದರೆ ಅದರ ರಬ್ಬರ್ ಹಳೆಯದಾಗಿ ಕಲ್ಲಾಗಿತ್ತು. ಕೊನೆಗೆ ಮುಂದಿನ ಗಾಲಿಗೆ ಕೆತ್ತಿದ ಹೊಸ ಟಾಯರ್, ಹಿಂದಿನ ಗಾಲಿಗೆ ಇಂದ್ರಾ ತಾನೇ ಮೆತ್ತನೆಯ ರಬ್ಬರ್ ಕೂರಿಸಿ ಅಂಚನ್ನು ದುಂಡಗೆ ತಿದ್ದಿದ ರಿಸೋಲ್ ಎಂದು ತೀರ್ಮಾನವಾಯಿತು. ಹವಾ ಎಷ್ಟಿರಬೇಕು ಎಂಬ ಜಗಳ ಮಾತ್ರ ಪ್ರತಿ ಸೋಮವಾರವೂ ಉಳಿಯಿತು.

“ಎರಡು ಪೌಂಡ್ ಇಳಸು,” ಎನ್ನುವನು ಅವನು.

“ಇಳಸಿದ್ರ ತಿರುವಿನಾಗ ಟಾಯರ್ ಮಕ್ಕೋತದ.”

“ನೀ ಗಾಡಿ ಮ್ಯಾಲ ಕುಂತು ನೋಡೀಯೇನು?”

“ಕೂಡಿಸಿದ್ರ ನೋಡ್ತಿದ್ದೆ. ಯಾರ್ ಕೂಡಸ್ತಾರ ನಮ್ಮಂಥಾವ್ರನ್ನ?”

ಗೇಜಿನ ಮುಳ್ಳು ನೋಡಬೇಕಾದವನು ಅವಳ ಮುಖ ನೋಡುತ್ತಿದ್ದ. ಅದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೇ ಅವಳು ಹವಾ ಬಿಡುವ ಕೆಲಸವನ್ನು ನಿಧಾನ ಮಾಡುತ್ತಿದ್ದಳು.

“ನಿನ್ನ ಗಲ್ಲಕ್ಕ ಕರಿ ಹತ್ಯದ,” ಎಂದ ಒಮ್ಮೆ.

“ಎಲ್ಲಿ?”

“ತೋರಸೂದಿಲ್ಲ. ಇರಲಿ ಬಿಡು, ದೃಷ್ಟಿ ಆಗಬಾರದು.”

ಅವಳು ತನ್ನ ಕೈಯ ರಬ್ಬರ್ ಪುಡಿಯನ್ನೆಲ್ಲ ಅವನ ಬಿಳಿ ಅಂಗಿಗೆ ಒರೆಸಿದಳು. ಆ ಅಂಗಿಯನ್ನು ಅವನು ಒಗೆಯಲು ಕೊಡದೆ ಇಟ್ಟುಕೊಂಡಿದ್ದಾನೆಂದು ಅವನ ಗೆಳೆಯ ಬಂಡೆಪ್ಪ ಹೇಳಿದಾಗ, “ಹೊಲಸು ಮನಶ್ಯಾ,” ಎಂದು ಮೂಗು ಮುರಿದಳು. ಅವತ್ತು ರಾತ್ರಿ ಊಟ ಸೇರಲಿಲ್ಲ.

ಖಡುವಿನ ಆಟ ಶುರು ಮಾಡಿದವಳು ಅವಳೇ. ಖಡು ಎಂದರೆ ಶಾಲೆಯ ಸೀಮೆಸುಣ್ಣ. ಟಾಯರಿನ ಎರಡೂ ಅಂಚಿಗೆ ಅಡ್ಡಡ್ಡ ಗೆರೆ ಎಳೆದು ಕಳಿಸಿದರೆ, ತಿರುವಿನಲ್ಲಿ ಗಾಡಿ ಎಷ್ಟು ವಾಲುತ್ತದೋ ಅಷ್ಟು ಗೆರೆ ಉಜ್ಜಿ ಅಳಿಸಿಹೋಗುತ್ತದೆ. ನೆಲ ಮುಟ್ಟದ ಭಾಗದಲ್ಲಿ ಬಿಳಿ ಹಾಗೇ ಉಳಿಯುತ್ತದೆ. ಟಾಯರ್ ಪೂರ್ತಿ ಕೆಲಸ ಮಾಡುತ್ತಿದೆಯೋ ಇಲ್ಲವೋ ತಿಳಿಯಲು ಇದೊಂದು ಉಪಾಯ. ಇಂದ್ರಾ ಇದನ್ನು ಹುಡುಗನ ಗುಂಡಿಗೆ ಅಳೆಯಲು ಬಳಸಿದಳು.

ಪ್ರತಿ ಸೋಮವಾರ ಗಾಡಿ ಅಂಗಡಿಯ ಮುಂದೆ ನಿಂತ ಕೂಡಲೆ ಅವಳು ಕುಕ್ಕುರುಗಾಲಲ್ಲಿ ಕೂತು ಅಂಚು ನೋಡುವಳು. ಬೆರಳಿಟ್ಟು ಅಳೆಯುವಳು.

“ಬಲಗಡೆ ಒಂದು ಬೆರಳು ಹೆದರಿಕಿ ಉಳದದ. ಎಡಗಡೆ ಎರಡು. ಎಡಕ್ಕ ಹೊರಳಬೇಕಾದ್ರ ಅವ್ವನ ನೆನಪಾಗತದೇನು?”

ಬಂಡೆಪ್ಪ ಹೊಟ್ಟೆ ಹಿಡಿದು ನಗುವನು. ನೀಲಕಂಠನೂ ನಗುವನು, ಸ್ವಲ್ಪ ತಡವಾಗಿ. ಮುಂದಿನ ಭಾನುವಾರ ಅವನು ಇನ್ನಷ್ಟು ವಾಲುವನು. ಬಿಳಿ ಒಂದು ಕೂದಲೆಳೆಯಷ್ಟು ಕಡಿಮೆಯಾಗುವುದು. ಅವಳು ಆ ಕೂದಲೆಳೆಯನ್ನು ಕಂಡೂ ಕಾಣದವಳಂತೆ, “ಹೋದ ವಾರದ ಗತೀನ ಅದ,” ಅನ್ನುವಳು.

ಮಳೆಗಾಲಕ್ಕೆ ಮುಂಚೆ ಒಂದು ಸಂಜೆ ಅವನು ಸೀದಾ ಕೇಳಿದ. ಅಣವೀರಪ್ಪ ಅಂಗಡಿಯಲ್ಲಿರಲಿಲ್ಲ. ಬಂಡೆಪ್ಪ ಹೊರಗೆ ತನ್ನ ಟೆಂಪೋದ ಬಾಗಿಲಿಗೆ ಒರಗಿ ನಿಂತಿದ್ದ.

“ನಿಮ್ಮಪ್ಪನ್ನ ಕೇಳ್ಲೇನು ಇಂದ್ರಾ?”

ಹೂಂ ಅಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಎರಡೂ ಮನೆ ಒಂದೇ ಸೀಮೆಯವು, ಒಂದೇ ಜಾತಿಯವು, ಯಾರಿಗೂ ಏನೂ ಅಡ್ಡಿಯಿರಲಿಲ್ಲ. ಆದರೆ ಬೇಡಿಕೊಳ್ಳುತ್ತ ನಿಂತ ಅವನ ಮುಖ ಇನ್ನೊಂದಿಷ್ಟು ದಿನ ನೋಡಬೇಕೆಂಬ ಆಸೆ ಅವಳಿಗೆ. ಇಂಥ ಆಸೆ ಒಳ್ಳೆಯದಲ್ಲ. ಅವಳಿಗೆ ಹಾಗೆಂದು ಹೇಳುವವರು ಯಾರೂ ಇರಲಿಲ್ಲ.

“ಎರಡೂ ಅಂಚಿಗೆ ಖಡು ಒಂದಿಷ್ಟೂ ಉಳೀಬಾರದು,” ಎಂದಳು. “ಆವತ್ತ ಬಂದು ಕೇಳು. ಅಲ್ಲೀತನಕಾ ಬ್ಯಾಡ.”

“ಬಿದ್ರ?”

“ಬಿದ್ರ ಬೀಳು. ಎದ್ದು ಬಾ.”

ಬಂಡೆಪ್ಪ ಈ ಮಾತು ಕೇಳಿಸಿಕೊಂಡ. ಅವನು ನಗಲಿಲ್ಲ.

ಮಳೆ ಬಿಟ್ಟ ಮೇಲೆ ರೇಸಿನ ದಿನ ಗೊತ್ತಾಯಿತು. ಅಕ್ಟೋಬರಿನ ಭಾನುವಾರ. ಪಂಚಾಂಗ ನೋಡಿದರೆ ಅದೇ ಖಂಡೇನವಮಿ. ಆಯುಧ, ಗಾಡಿ, ಯಂತ್ರ ಎಲ್ಲ ತೊಳೆದು, ಎಣ್ಣೆ ಸವರಿ, ವಿಭೂತಿ ಹಚ್ಚಿ ಪೂಜೆ ಮಾಡುವ ದಿನ. ಅವತ್ತು ಅವುಗಳಿಗೆ ಕೆಲಸ ಕೊಡುವಂತಿಲ್ಲ.

ರೇಸಿಗೆ ಒಂದು ವಾರವಿದೆ ಎನ್ನುವಾಗ ನೀಲಕಂಠನ ತಾಯಿ ರಾಚವ್ವ ಹಾರ್ಬರ್ ಲೈನಿನ ಲೋಕಲ್ ಹಿಡಿದು ಕುರ್ಲಾಕ್ಕೆ ಬಂದಳು. ಇಳಕಲ್ ಸೀರೆಯ ಸೆರಗನ್ನು ತಲೆ ತುಂಬ ಹೊದ್ದ ಸಣ್ಣ ಹೆಂಗಸು. ಸೊಸೆಯಾಗುವವಳನ್ನು ನೋಡಬೇಕೆಂದು ಬಂದವಳು ಅವಳ ಕರಿ ಕೈ ನೋಡಿ ಸ್ವಲ್ಪ ಬೆದರಿದಳು.

“ಖಂಡೇನವಮಿ ದಿನಾ ಗಾಡಿ ಓಡಸಬಾರದವ್ವಾ. ಬ್ಯಾಡ ಅನ್ನು ಅವಗ. ನನ್ನ ಮಾತು ಕೇಳೂದಿಲ್ಲ, ನೀ ಹೇಳಿದ್ರ ಕೇಳತಾನ.”

ಈ ಕೊನೆಯ ಮಾತು ಇಂದ್ರಾಳಿಗೆ ಸಕ್ಕರೆಯಾಯಿತು. ತಾಯಿಗಿಂತ ತನ್ನ ಮಾತು ಮೇಲೆ. ಅದನ್ನು ತಾಯಿಯೇ ಒಪ್ಪಿಕೊಳ್ಳುತ್ತಿದ್ದಾಳೆ.

“ಒಂದು ರೇಸ್ ಓಡಸಲಿ ಬಿಡ್ರಿ ಅತ್ತಿ. ಆಮ್ಯಾಲ ನಿಮ್ಮ ಮಗನ್ನ ನಿಮಗ ವಾಪಸ್ ಕೊಡತೀನಿ,” ಎಂದು ನಕ್ಕಳು.

“ಹಂಗಾದ್ರ ಗಾಲಿಗೆ ಪೂಜಿನಾರ ಮಾಡ್ಲೇನು? ಅಂವ ಮುಟ್ಟಗೊಡೂದಿಲ್ಲ. ಟಾಯರ್ ಮುಟ್ಟಿದ್ರ ಮೈಲಿಗಿ ಆಗೂಹಂಗ ಮಾಡತಾನ.”

ಕೌಂಟರಿನ ಮುಂದೆ ಗಿರಾಕಿ ಬಂದು ನಿಂತಿದ್ದ. ಇಂದ್ರಾ ಅವನ ಕಡೆ ತಿರುಗುತ್ತ, “ಮಾಡ್ರಿ ಮಾಡ್ರಿ, ಚೆಂದಂಗ ಮಾಡ್ರಿ. ಅವಗ್ಯಾಕ ಹೇಳತೀರಿ?” ಎಂದಳು. ಅವಳ ಮನಸ್ಸಿನಲ್ಲಿದ್ದದ್ದು ಎರಡು ಹೂವು, ಒಂದು ಊದಿನಕಡ್ಡಿ. ಪ್ರತಿ ವರ್ಷ ತಮ್ಮ ಅಂಗಡಿಯಲ್ಲೇ ಸುತ್ತಿಗೆ, ಅರ, ಅಚ್ಚು ಎಲ್ಲಕ್ಕೂ ಎಣ್ಣೆ ಸವರುವವಳಿಗೆ ಆ ಹೊತ್ತಿನಲ್ಲಿ ಎಣ್ಣೆಯ ನೆನಪಾಗಲಿಲ್ಲ.

ಶನಿವಾರ ಸಂಜೆ ಗಾಡಿ ಅಂಗಡಿಯಿಂದ ಹೊರಟಿತು. ಟಾಯರ್ ಎರಡೂ ಹೊಸದಾಗಿ ತಿದ್ದಿದ್ದವು. ನೀಲಕಂಠ ಹೋಗುವಾಗ ಹೇಳಿದ: “ನಾಳೆ ರೇಸಿಗೆ ಮೊದಲು ನೀನ ಬಂದು ಗೆರಿ ಎಳೀಬೇಕು. ಮುಗದ ಮ್ಯಾಲ ನೀನ ನೋಡಬೇಕು. ನೋಡಿದ ಕೂಡಲೆ ಅಲ್ಲಿಂದ ಸೀದಾ ನಿಮ್ಮಪ್ಪನ ಹತ್ರ.”

“ಉಳದಿದ್ರ?”

“ಉಳೀಲಾಕ ಬಿಡೂದಿಲ್ಲ.” ಅವನ ಕಣ್ಣಿನಲ್ಲಿ ತಮಾಷೆ ಇರಲಿಲ್ಲ.

ಭಾನುವಾರ ಬೆಳಿಗ್ಗೆ ಮಗ ಸ್ನಾನಕ್ಕೆ ಹೋದಾಗ ರಾಚವ್ವ ಬಾಗಿಲ ಮುಂದಿನ ಗಾಡಿಯ ಬಳಿ ಕೂತಳು. ದೇವರ ಮುಂದಿನ ಬಟ್ಟಲಿನಿಂದ ಕುಸುಬಿ ಎಣ್ಣೆ ತೆಗೆದು ಬಟ್ಟೆಯಿಂದ ಎರಡೂ ಗಾಲಿಗೆ ಸವರಿದಳು. ವಿಭೂತಿ ಹಚ್ಚಿ ಕೈ ಮುಗಿದಳು. ಮಗ ನೋಡಿದರೆ ಬೈದಾನೆಂದು ವಿಭೂತಿಯನ್ನು ಮತ್ತೆ ಅದೇ ಎಣ್ಣೆಬಟ್ಟೆಯಿಂದ ಒರೆಸಿ ತೆಗೆದಳು. ಟಾಯರ್ ಕರ್ರಗೆ ಮಿಂಚಿತು. ಹೊಸದಾಗಿ ತಿದ್ದಿದ್ದಲ್ಲವೇ, ಮಿಂಚುತ್ತದೆ ಎಂದುಕೊಂಡು ನೀಲಕಂಠ ಅದನ್ನು ಬಂಡೆಪ್ಪನ ಟೆಂಪೋಗೆ ಏರಿಸಿದ. ಇಂದ್ರಾಳಿಗೆ ಇದೆಲ್ಲ ತಿಳಿದದ್ದು ಆಮೇಲೆ.

ಅವಳು ಮೈದಾನ ಮುಟ್ಟುವಾಗ ತಡವಾಗಿತ್ತು. ತಡವಾದದ್ದು ಲೋಕಲ್‌ನಿಂದಲ್ಲ. ಹಸಿರು ಸೀರೆಯೋ ಹಳದಿ ಸೀರೆಯೋ ಎಂದು ಕನ್ನಡಿಯ ಮುಂದೆ ನಿಂತದ್ದರಿಂದ. ಅವತ್ತು ಅಪ್ಪನನ್ನು ಕೇಳುವ ದಿನ, ಚೆಂದ ಕಾಣಬೇಕಲ್ಲ. ಅವಳು ಬೇಲಿಯ ಹತ್ತಿರ ಓಡಿ ಬಂದಾಗ ಗಾಡಿಗಳೆಲ್ಲ ಸಾಲಾಗಿ ನಿಂತು ಗುರುಗುಡುತ್ತಿದ್ದವು. ಕೈಯೆತ್ತಿ ಖಡುವಿನ ತುಂಡು ತೋರಿಸಿದಳು. ನೀಲಕಂಠ ಅವಳನ್ನು ನೋಡಿದ, ಹಳದಿ ಸೀರೆಯನ್ನು ನೋಡಿದ, ಒಂದು ಕ್ಷಣ ಹಾಗೇ ನೋಡುತ್ತಿದ್ದ. ಆಮೇಲೆ ಬೇಡ ಎಂದು ತಲೆಯಾಡಿಸಿ, ಅಂಗೈಯನ್ನು ಗಾಳಿಯಲ್ಲಿ ಒರೆಸಿ ತೋರಿಸಿದ. ಇವತ್ತು ಎಲ್ಲ ಅಳಿಸಿಬಿಡುತ್ತೇನೆ ಎಂದು.

ಅವಳು ಹೊತ್ತಿಗೆ ಬಂದು ಒಂದು ಗೆರೆ ಎಳೆದಿದ್ದರೆ ಸಾಕಿತ್ತು. ಎಣ್ಣೆಯ ಮೇಲೆ ಖಡು ಮೂಡುವುದಿಲ್ಲ.

ಮೊದಲ ಸುತ್ತು ನಿಧಾನ. ನೇರ ಓಟದಲ್ಲಿ ಟಾಯರಿನ ನಡುಭಾಗದ ಎಣ್ಣೆ ಉಜ್ಜಿ ಹೋಯಿತು, ಗಾಡಿ ಚೆನ್ನಾಗಿ ಹಿಡಿಯಿತು. ಅಂಚಿನದು ಅಲ್ಲೇ ಉಳಿಯಿತು. ಎರಡನೆಯ ಸುತ್ತಿನಲ್ಲಿ ಬೇಲಿಯ ಹತ್ತಿರದ ಎಡ ತಿರುವಿಗೆ ಬರುವಾಗ ಅವನು ಇಬ್ಬರನ್ನು ಹಿಂದೆ ಹಾಕಿದ್ದ. ಅಲ್ಲಿ ಅವನು ವಾಲಿದ. ಹಿಂದೆಂದೂ ವಾಲದಷ್ಟು, ಎರಡು ಬೆರಳಿನ ಆ ಹೆದರಿಕೆಯನ್ನು ದಾಟಿ, ಕೊನೆಯ ಅಂಚಿನವರೆಗೆ. ಇಂದ್ರಾ ಖುಷಿಯಿಂದ ಕೂಗಿದಳು. ಆ ಕೂಗು ಮುಗಿಯುವ ಮೊದಲೇ ಗಾಡಿ ಅವನ ಕೆಳಗಿನಿಂದ ಜಾರಿಹೋಯಿತು. ಮೊದಲು ಅವನು, ಅವನ ಕಾಲಿನ ಮೇಲೆ ಗಾಡಿ, ಎರಡೂ ಕೂಡಿ ಡ್ರಮ್ಮುಗಳ ಸಾಲಿಗೆ ಹೋಗಿ ಬಡಿದವು.

ಜನ ಅವನನ್ನು ಎತ್ತಿ ಟೆಂಪೋಗೆ ಹಾಕುತ್ತಿದ್ದರು. ಇಂದ್ರಾ ಬಿದ್ದ ಗಾಡಿಯ ಬಳಿ ಕೂತು, ರೂಢಿಯಂತೆ ಟಾಯರಿನ ಅಂಚಿಗೆ ಬೆರಳಿಟ್ಟಳು. ಬೆರಳು ಜಾರಿತು. ಮೂಗಿನ ಹತ್ತಿರ ಹಿಡಿದಳು. ಕುಸುಬಿ ಎಣ್ಣೆ. ಬಂಡೆಪ್ಪನೂ ಬಗ್ಗಿ ಮುಟ್ಟಿದ. ಬೆರಳನ್ನು ನೋಡಿದ, ಅವಳನ್ನು ನೋಡಿದ, ಟೆಂಪೋದ ಕಡೆ ಓಡಿದ.

ಎಡಗಾಲನ್ನು ಮೊಣಕಾಲಿನ ಕೆಳಗೆ ಕತ್ತರಿಸಿದರು.

ನೋಡಲು ಬಿಡುತ್ತಾರೆಂದು ಗೊತ್ತಾದ ದಿನ ಇಂದ್ರಾ ಆಸ್ಪತ್ರೆಗೆ ಹೋದಳು. ವರಾಂಡದ ಬೆಂಚಿನ ಮೇಲೆ ರಾಚವ್ವ ಕೂತಿದ್ದಳು. ಅವಳನ್ನು ಕಂಡ ಕೂಡಲೆ ಕೈ ಹಿಡಿದುಕೊಂಡು ಅತ್ತಳು.

“ನನ್ನ ಪೂಜಿ ದೇವರಿಗೆ ಮುಟ್ಟಲಿಲ್ಲವ್ವಾ. ಎಷ್ಟ ಚೆಂದ ಮಾಡಿದ್ದೆ.”

“ಹ್ಯಾಂಗ ಮಾಡಿದ್ರಿ ಅತ್ತಿ?” ಎಂದು ಇಂದ್ರಾ ಕೇಳಿದಳು. ಕೇಳುವಾಗಲೇ ಉತ್ತರ ಗೊತ್ತಿತ್ತು.

“ಎಲ್ಲಾರೂ ಮಾಡೂಹಂಗ. ಎಣ್ಣಿ ಹಚ್ಚಿ, ಇಬತ್ತಿ ಹಚ್ಚಿ. ಇಬತ್ತಿ ಅಂವಗ ಕಾಣಬಾರದಂತ ಮತ್ತ ಒರಸಿದೆ. ನೀನ ಹೇಳಿದ್ಯಲ್ಲವ್ವಾ, ಮಾಡ್ರಿ, ಅವಗ ಹೇಳಬ್ಯಾಡ್ರಿ ಅಂತ.”

ಮುದುಕಿಯ ಮುಖದಲ್ಲಿ ಕಪಟವಿರಲಿಲ್ಲ. ತಾನು ಏನು ಮಾಡಿದೆನೆಂದು ಅವಳಿಗೆ ಗೊತ್ತೇ ಇರಲಿಲ್ಲ. ಇಂದ್ರಾ ಕೈ ಬಿಡಿಸಿಕೊಳ್ಳಲಿಲ್ಲ. ಹೇಳಬೇಕು ಎಂದುಕೊಂಡಳು. ನಾಲಗೆ ಹೊರಳಲಿಲ್ಲ. ಊರಿನವರನ್ನೆಲ್ಲ ಅಳಿಸಿದ ನಾಲಗೆ ಅದು.

ವಾರ್ಡಿನೊಳಗೆ ನೀಲಕಂಠ ಗೋಡೆಗೆ ಒರಗಿ ಕೂತಿದ್ದ. ಹೊದಿಕೆಯ ಕೆಳಗೆ ಒಂದು ಪಾದ ಎದ್ದು ಕಾಣುತ್ತಿತ್ತು, ಇನ್ನೊಂದರ ಜಾಗ ಚಪ್ಪಟೆಯಾಗಿತ್ತು. ಬಂಡೆಪ್ಪ ಮಂಚದ ತುದಿಯಲ್ಲಿದ್ದ. ರಾಚವ್ವ ಹಿಂದೆಯೇ ಬಂದು ಬಾಗಿಲಲ್ಲಿ ನಿಂತಳು.

“ಬಾ,” ಎಂದ ನೀಲಕಂಠ. “ಅಳತಿ ನೋಡಲಾಕ ಬಂದೀಯೇನು? ಎಷ್ಟ ಬೆರಳ ಉಳದದ ನೋಡು.”

ಅವಳು ಮಂಚದ ಹತ್ತಿರ ಹೋಗಿ ನಿಂತಳು.

“ಬಂಡ್ಯಾ ಒಂದು ಮಾತ ಹೇಳ್ಯಾನ. ನಾ ನಂಬಿಲ್ಲ. ನೀ ಹೇಳು.”

ಬಂಡೆಪ್ಪ ತಲೆಯೆತ್ತದೆ ಹೇಳಿದ: “ಟಾಯರ್ ಅಂಚಿಗೆ ಎಣ್ಣಿ ಇತ್ತು. ನಾ ಮುಟ್ಟಿ ನೋಡೀನಿ, ಈಕಿನೂ ಮುಟ್ಯಾಳ. ಖಂಡೇಪೂಜಿ ಅಂತ ಇವರ ಅಂಗಡ್ಯಾಗ ಎಲ್ಲಾದಕ್ಕೂ ಎಣ್ಣಿ ಹಚ್ಚತಾರ. ಬಿದ್ರ ಬೀಳು ಅಂತ ಅಂದಾಕಿನೂ ಈಕಿನ.”

ಬಾಗಿಲಲ್ಲಿ ಸಣ್ಣ ಶಬ್ದವಾಯಿತು. ರಾಚವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. ಅವಳ ಕಣ್ಣು ದೊಡ್ಡದಾಗುತ್ತ ಹೋಯಿತು. ಈಗ ಅವಳಿಗೆ ಎಲ್ಲ ತಿಳಿಯಿತು ಎಂದು ಇಂದ್ರಾಳಿಗೂ ತಿಳಿಯಿತು. ಮುದುಕಿಯ ತುಟಿ ಅಲುಗಿತು. ಹೇಳಿಬಿಡುತ್ತಾಳೆ. ಹೇಳಿದರೆ ತಾನು ಉಳಿದೆ ಎಂದು ಇಂದ್ರಾ ಅಂದುಕೊಂಡದ್ದು ನಿಜ. ಅವಳನ್ನು ದೇವತೆ ಮಾಡುವ ಆಸೆ ನನಗಿಲ್ಲ.

ಆದರೆ ನೀಲಕಂಠ ನೀರಿಗೆಂದು ಕೈ ಚಾಚಿದ. ಯಾರನ್ನೂ ನೋಡದೆ, ಕರೆಯದೆ, ಸುಮ್ಮನೆ ಚಾಚಿದ. ರಾಚವ್ವ ತಾನಾಗಿ ಬಂದು ಆ ಕೈಗೆ ಲೋಟ ಕೊಟ್ಟಳು. ಅವನು ಕುಡಿದು ಲೋಟವನ್ನು ನೋಡದೇ ವಾಪಸು ಕೊಟ್ಟ. ಇನ್ನು ಈ ಮನುಷ್ಯನನ್ನು ಎಬ್ಬಿಸಿ ಕೂಡಿಸುವ, ತೊಳೆಯುವ, ಉಣ್ಣಿಸುವ ಕೈ ಅದೊಂದೇ. ಆ ಕೈಯೇ ಎಣ್ಣೆ ಹಚ್ಚಿತು ಎಂದು ಗೊತ್ತಾದರೆ ಅವನು ಎಲ್ಲಿಗೆ ಹೋಗಬೇಕು?

“ನಾನ ಹಚ್ಚಿದೆ,” ಎಂದಳು ಇಂದ್ರಾ.

“ಗೊತ್ತಿಲ್ದನ ಹಚ್ಚೀಯೋ, ಗೊತ್ತಿದ್ದ ಹಚ್ಚೀಯೋ?”

ಗೊತ್ತಿಲ್ಲದೆ ಎಂದರೆ ಅವನು ಕ್ಷಮಿಸುತ್ತಾನೆ. ಕ್ಷಮಿಸಿದರೆ ದಿನಾ ಎದುರಿಗೆ ಇರುತ್ತಾನೆ, ದಿನಾ ರಾಚವ್ವ ಎದುರಿಗೆ ಇರುತ್ತಾಳೆ. ಆ ಮನೆಯಲ್ಲಿ ಒಂದು ದಿನ ಯಾರ ಬಾಯಿಂದಾದರೂ ಸತ್ಯ ಬೀಳುತ್ತದೆ.

“ಗೊತ್ತಿದ್ದ ಹಚ್ಚೀನಿ. ನೀ ಬೀಳೂದು ಒಮ್ಮೆ ನೋಡಬೇಕು ಅನಿಸಿತ್ತು. ಇಷ್ಟ ಆಗತದಂತ ತಿಳೀಲಿಲ್ಲ.”

ಬೇರೆ ಯಾವ ಹುಡುಗಿ ಹೇಳಿದ್ದರೂ ಅದನ್ನು ನಂಬುತ್ತಿರಲಿಲ್ಲ. ಇಂದ್ರಾ ಹೇಳಿದ್ದರಿಂದ ಗಂಡಸರಿಬ್ಬರೂ ನಂಬಿದರು. ಅಷ್ಟು ದಿನದ ಅವಳ ಮಾತುಗಳೆಲ್ಲ ಅವಳಿಗೆ ಸಾಕ್ಷಿ ನಿಂತವು.

ಮೊದಲು ಬಾಯಿ ತೆರೆದವಳು ರಾಚವ್ವ. “ಹೊರಗ ನಡಿ,” ಎಂದಳು. ದನಿ ಒಡೆದಿತ್ತು. “ನನ್ನ ಮಗನ ಮುಂದ ನಿಲ್ಲಬ್ಯಾಡ. ರಾಕ್ಷಸಿ. ನಡಿ ಹೊರಗ.” ಹೇಳುತ್ತ ಹೇಳುತ್ತ ಇಂದ್ರಾಳ ತೋಳು ಹಿಡಿದು ದೂಡಿದಳು. ದೂಡುವ ಕೈ ಅವಳ ತೋಳನ್ನು ಬಿಡಲೊಲ್ಲದೆ ಬಿಗಿಯಾಗಿ ಹಿಡಿದಿತ್ತು.

ಸುದ್ದಿ ಕುರ್ಲಾಕ್ಕೂ ಬಂತು. ತಮ್ಮ ಅಂಗಡಿಯಲ್ಲಿ ಹಚ್ಚುವುದು ಔಡಲ ಎಣ್ಣೆ, ಕುಸುಬಿ ಎಣ್ಣೆ ಎಲ್ಲಿಂದ ಬಂತು ಎಂದು ಅಣವೀರಪ್ಪ ಮಗಳನ್ನು ಕೇಳಿದ. ಅವಳು ಅರ ಹಿಡಿದು ಟಾಯರ್ ತಿದ್ದುತ್ತಲೇ ಇದ್ದಳು. ನೋಡಲು ಬರಬೇಕಿದ್ದ ಎರಡು ಸಂಬಂಧದವರು ಬರಲಿಲ್ಲ. ಅವಳು ಗಿರಾಕಿಗಳ ಜೊತೆ ಮಾತು ಕಡಿಮೆ ಮಾಡಿದಳು, ಟ್ಯಾಕ್ಸಿಯವರು ಅಲ್ಲಿ ಸುಮ್ಮನೆ ನಿಲ್ಲುವುದನ್ನು ಬಿಟ್ಟರು.

ಮುಂದಿನ ಮಳೆಗಾಲ ಹಿಡಿದ ಹೊತ್ತಿಗೆ ನೀಲಕಂಠ ಅಂಗಡಿಗೆ ಬಂದ. ಎರಡು ಕಂಕುಳಿಗೂ ಊರುಗೋಲು. ಜೊತೆಗೆ ಛತ್ರಿ ಹಿಡಿದ ರಾಚವ್ವ. ಅವಳು ಒಳಗೆ ಬರದೆ ಫುಟ್‌ಪಾತಿನ ಮೇಲೆ ನಿಂತಳು.

“ಕೋಲಿನ ಬುಡಕ್ಕ ರಬ್ಬರ್ ಹಾಕಬೇಕು,” ಎಂದ. “ಈ ಸಲ ಎಣ್ಣಿ ಬ್ಯಾಡ.”

ಅವಳು ಕೋಲುಗಳನ್ನು ತೆಗೆದುಕೊಂಡು ಅಳತೆ ನೋಡಿ ರಬ್ಬರ್ ಕತ್ತರಿಸಿದಳು. ಅವನು ಸ್ಟೂಲಿನ ಮೇಲೆ ಕೂತು ಅವಳ ಕೈಯನ್ನೇ ನೋಡುತ್ತಿದ್ದ.

“ನನಗ ಹೆಣ್ಣು ನೋಡ್ಲಾಕತ್ತಾರ,” ಎಂದ. “ಕುಂಟನ್ನ ಮಾಡಿಕೊಳ್ಳಾಕಿ ಒಬ್ಬಾಕಿ ಸಿಕ್ಕಾಳಂತ. ಕಪ್ಪಗದಾಳ, ಆದ್ರ ಮನಸ್ಸು ಬೆಳ್ಳಗದ ಅಂತ.”

“ಚಲೋ ಆತಲ್ಲ.”

“ನಿನಗ ಯಾರೂ ಸಿಗಲಿಲ್ಲೇನು?”

“ಇಲ್ಲ.”

“ಹ್ಯಾಂಗ ಸಿಗತಾರ? ಎಲ್ಲಾರಿಗೂ ಎರಡೆರಡು ಕಾಲು ಬೇಕಲ್ಲ.”

ಚೆನ್ನಾಗಿ ಚುಚ್ಚಲು ಕಲಿತಿದ್ದ. ಯಾರಿಂದ ಕಲಿತದ್ದೆಂದು ಇಂದ್ರಾಳಿಗೆ ಗೊತ್ತಿತ್ತು. ಅವಳು ತಲೆ ಬಗ್ಗಿಸಿ ರಬ್ಬರ್ ಕೂರಿಸಿದಳು, ಸರಿಯಾಗಿದೆಯೇ ನೋಡಲು ಎರಡು ಸಲ ನೆಲಕ್ಕೆ ಊರಿದಳು. ಅವನು ಹೋದ ಮೇಲೆ ಒಳಗೆ ಹೋಗಿ ಅತ್ತಳು. ಆದರೂ ಅವತ್ತು ಸಂಜೆ ಅವಳ ಮುಖದಲ್ಲಿ ಕಳೆ ಬಂದಿದೆಯೆಂದು ಅಣವೀರಪ್ಪನಿಗೆ ಅನ್ನಿಸಿತು.

ಸ್ವಲ್ಪ ದಿನಕ್ಕೆ ಅವನು ಮತ್ತೆ ಬಂದ. ರಬ್ಬರ್ ಸವೆದಿದೆ, ಬದಲಿಸಬೇಕು ಎಂದ. ಅವಳು ಕೋಲು ತಿರುಗಿಸಿ ನೋಡಿದಳು. ರಬ್ಬರ್ ಒಂದು ಚೂರೂ ಸವೆದಿರಲಿಲ್ಲ. ಕತ್ತರಿಸಿದ ಗುರುತು ಕೂಡ ಹಾಗೇ ಇತ್ತು.

“ಹೌದು, ಸವದದ,” ಎಂದಳು.

ಹೊಸದನ್ನು ಕತ್ತರಿಸಲು ಕೂತಳು. ಈ ಸಲ ಅವನು ಚುಚ್ಚಲಿಲ್ಲ. ಹೊರಗೆ ಮಳೆ ಹನಿಯುತ್ತಿತ್ತು.

“ಇಂದ್ರಾ.”

ಆಸ್ಪತ್ರೆಯ ಆ ದಿನದ ನಂತರ ಅವನು ಅವಳ ಹೆಸರು ಹೇಳಿದ್ದು ಇದೇ ಮೊದಲು.

“ಕೂತಲ್ಲೆ ಕೂತು ಹಗಲೆಲ್ಲಾ ವಿಚಾರ ಮಾಡ್ತೀನಿ. ನೀ ನಾಲಗಿ ಹರಿಬಿಡಾಕಿ ಖರೆ. ಆದ್ರ ಆ ಟಾಯರ್ ಅಂಚು ನೀ ಹೆಂಗ ತಿದ್ದತಿದ್ದಿ ನಾ ನೋಡೀನಿ. ಅಂಥಾ ಕೈ ಎಣ್ಣಿ ಹಚ್ಚೂದಿಲ್ಲ. ಒಂದ ಸಲ, ಒಂದ ಸಲ ‘ನಾ ಹಚ್ಚಿಲ್ಲ’ ಅನ್ನು. ಯಾರು, ಯಾಕ, ಏನೂ ಕೇಳೂದಿಲ್ಲ. ನಂಬಿಬಿಡತೀನಿ. ಇವತ್ತ ನಿಮ್ಮಪ್ಪನ್ನ ಕೇಳತೀನಿ.”

ಅವಳ ಕೈಯಲ್ಲಿದ್ದ ಚಾಕು ನಿಂತಿತು. ಎರಡೇ ಮಾತು. ಅದಕ್ಕಾಗಿ ಅವಳು ಎಷ್ಟು ಹಪಹಪಿಸಿದ್ದಳೆಂದು ಆ ಕ್ಷಣದಲ್ಲಿ ಅವಳಿಗೆ ತಿಳಿಯಿತು. ಬಾಗಿಲಾಚೆ ರಾಚವ್ವ ಛತ್ರಿಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದಳು. ಎಲ್ಲ ಕೇಳಿಸುತ್ತಿತ್ತು ಅವಳಿಗೆ. ತಿರುಗಿ ನೋಡಲಿಲ್ಲ. ಅವಳ ಬೆನ್ನು ಮಾತ್ರ ಸಣ್ಣದಾಗುತ್ತ ಹೋಯಿತು.

ಯಾರು, ಯಾಕೆ ಎಂದು ಇವತ್ತು ಕೇಳುವುದಿಲ್ಲ. ನಾಳೆ ಕೇಳದಿದ್ದಾನೆಯೇ? ಗಾಡಿ ಅಂಗಡಿಯಿಂದ ಹೊರಟು ರಾತ್ರಿ ಎಲ್ಲಿತ್ತು ಎಂದು ಅವನೇ ಲೆಕ್ಕ ಹಾಕುತ್ತಾನೆ.

“ನಾನ ಹಚ್ಚೀನಿ,” ಎಂದಳು ಇಂದ್ರಾ. “ಎಷ್ಟ ಸಲ ಕೇಳತಿ?”

ಅವನು ಅವಳ ಮುಖ ನೋಡಿದ. ಹಿಂದೆ ಗೇಜು ಬಿಟ್ಟು ನೋಡುತ್ತಿದ್ದನಲ್ಲ, ಹಾಗೆ. ಅಲ್ಲಿ ಏನಾದರೂ ಸಿಕ್ಕೀತೆಂದು ಹುಡುಕಿದ. ಅವಳು ಅದನ್ನು ಸಿಗಗೊಡಲಿಲ್ಲ. ಆ ವಿದ್ಯೆ ಅವಳಿಗೆ ಮೊದಲಿನಿಂದ ಚೆನ್ನಾಗಿ ಬರುತ್ತಿತ್ತು.

“ಆತು,” ಎಂದ ಅವನು. “ಮುಗೀತು.” ಕೋಲು ಊರಿ ಎದ್ದ. ಬಾಗಿಲ ಮೆಟ್ಟಿಲಲ್ಲಿ ನೋಡದೆಯೇ ಕೈ ಚಾಚಿದ, ತಾಯಿಯ ಹೆಗಲು ಅಲ್ಲಿತ್ತು. ಅವನನ್ನು ಕೆಳಗಿಳಿಸಿ, ಪಕ್ಕದ ಅಂಗಡಿಯ ಸೂರಿನಡಿ ನಿಲ್ಲಿಸಿ, ಏನೋ ಮರೆತವಳಂತೆ ರಾಚವ್ವ ಒಳಗೆ ಬಂದಳು.

ಅವಳು ಇಂದ್ರಾಳ ಕರಿ ಕೈಯನ್ನು ಎತ್ತಿ ತನ್ನ ಕಣ್ಣಿಗೆ ಒತ್ತಿಕೊಂಡಳು. ಕೈ ಒದ್ದೆಯಾಯಿತು.

“ಇನ್ನ ಅವನ್ನ ಇಲ್ಲಿಗೆ ಕರಕೊಂಡು ಬರೂದಿಲ್ಲವ್ವಾ,” ಎಂದಳು ಪಿಸುದನಿಯಲ್ಲಿ. “ಹಿಂದಿನ ಸಲ ಇಲ್ಲಿಂದ ಬಂದ ದಿನಾ ಅಂವ ನಕ್ಕ. ನಿನ್ನ ಬೈಕೋತ ನಕ್ಕ. ಕಾಲು ಹೋದ ಮ್ಯಾಲ ಅವತ್ತ ಮೊದಲನೇ ಸಲ ನಕ್ಕದ್ದು. ನನಗ ಅದನ್ನ ನೋಡಲಾಕ ಆಗೂದಿಲ್ಲ.”

“ನಗಲಿ ಬಿಡ್ರಿ ಅತ್ತಿ,” ಎಂದಳು ಇಂದ್ರಾ. ಅವಳು ಯಾರ ಮುಂದೆಯೂ ಬೇಡಿದವಳಲ್ಲ. “ಬೈಲಿ. ಏನ್ ಬೇಕಾದ್ದು ಅನ್ನಲಿ. ಕರಕೊಂಡ ಬರ್ರಿ. ನಾ ಹೇಳೂದಿಲ್ಲ, ಖರೇನ ಹೇಳೂದಿಲ್ಲ.”

ರಾಚವ್ವ ತಲೆ ಅಲ್ಲಾಡಿಸಿದಳು. “ಇವತ್ತ ನೀ ಹೇಳಲಿಲ್ಲ. ಇನ್ನೊಮ್ಮೆ ಅಂವ ಹಂಗ ಕೇಳಿದ್ರ ನೀ ಹೇಳ್ತಿ. ನೀನಲ್ಲ, ಯಾರಿದ್ರೂ ಹೇಳ್ತಾರ. ನನಗ ಅಂವೊಬ್ಬನ ಅದಾನವ್ವಾ.”

ಅವಳು ಹೊರಟಳು. ಇಂದ್ರಾ ಕೌಂಟರಿನ ಹಿಂದೆಯೇ ನಿಂತು ಕಿವಿಗೊಟ್ಟಳು. ಕೋಲಿನ ಸದ್ದು ದೂರವಾಗುವವರೆಗಾದರೂ ಕೇಳೋಣವೆಂದು. ಆದರೆ ಹಿಂದಿನ ಸಲ ಕೂರಿಸಿದ ರಬ್ಬರ್ ಒಳ್ಳೆಯದಿತ್ತು, ಅಳತೆಗೆ ಸರಿಯಾಗಿ ಕೂತಿತ್ತು. ಒದ್ದೆ ಫುಟ್‌ಪಾತಿನ ಮೇಲೆ ಅದು ಒಂದಿಷ್ಟೂ ಸದ್ದು ಮಾಡಲಿಲ್ಲ. ಅವನು ಎಷ್ಟು ದೂರ ಹೋದನೆಂದು ಅವಳಿಗೆ ಗೊತ್ತಾಗಲಿಲ್ಲ.